ಆರಾಧನೆಗೆ ಮೊದಲು ಎರಡು ನಿಮಿಷದ ಮೌನ

ಕಥೋಲಿಕ ಚರ್ಚಿನಲ್ಲಿ ಹೊಸದಾಗಿ ಗುರುವಾದಾಗ ನನಗೆ ಆತುರ ಜಾಸ್ತಿ. ಬಲಿಪೂಜೆಯಲ್ಲಿ ಕ್ರಿಸ್ತರ ಶರೀರವಾಗುವ ರೊಟ್ಟಿ, ಅಂದರೆ ಪರಮಪ್ರಸಾದದ ಮೇಲೆ ಜನರ ಭಕ್ತಿ ಬೆಳೆಯಬೇಕಾದರೆ ಅದನ್ನು ಎದುರಿಗಿಟ್ಟು ಪ್ರಾರ್ಥಿಸುವ ಆರಾಧನೆ ಹೆಚ್ಚಿಸಬೇಕು, ಅಷ್ಟೇ ಅಂದುಕೊಂಡಿದ್ದೆ. ತಿಂಗಳ ಮೊದಲ ಶುಕ್ರವಾರ ಇಡೀ ರಾತ್ರಿಯ ಆರಾಧನೆ ಶುರುಮಾಡಿದೆ. ಗಂಟೆಗೊಂದು ಗುಂಪು ಅಂತ ಪಟ್ಟಿ ಬರೆದು ಚರ್ಚಿನ ಬಾಗಿಲಿಗೆ ಅಂಟಿಸಿದೆ. ಮೊದಲ ತಿಂಗಳು ಬೆಂಚುಗಳೆಲ್ಲ ತುಂಬಿದ್ದವು. ನಾಲ್ಕನೇ ತಿಂಗಳಿಗೆ ರಾತ್ರಿ ಎರಡು ಗಂಟೆಗೆ ಉಳಿದವರು ನಾನು ಮತ್ತು ಒಬ್ಬ ಅಜ್ಜಿ. ಪರಮಪ್ರಸಾದವನ್ನು ಆರಾಧನೆಗೆ ಇಟ್ಟ ಮೇಲೆ ಎದುರಿಗೆ ಯಾರೂ ಇಲ್ಲದಂತೆ ಬಿಟ್ಟು ಹೋಗುವಂತಿಲ್ಲ. ಅಜ್ಜಿ ಮನೆಗೆ ಹೋದ ಮೇಲೆ ಒಬ್ಬನೇ ತೂಕಡಿಸುತ್ತಾ ಕೂತೆ. ಜನರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ತಪ್ಪು ನನ್ನದೇ ಅಂತ ಗೊತ್ತಾಗಲು ವರ್ಷಗಳು ಹಿಡಿದವು. ಭಾನುವಾರದ ಬಲಿಪೂಜೆಯನ್ನು ನಾನು ಓಡಿಸಿಕೊಂಡು ಮುಗಿಸುತ್ತಿದ್ದೆ. ಪ್ರಸಾದ ಹಂಚಿದ ಕೂಡಲೇ ಪ್ರಕಟಣೆಗಳ ಚೀಟಿ ಕೈಗೆ ಬರುತ್ತಿತ್ತು. ಶುಕ್ರವಾರ ಒಂದು ಗಂಟೆ ಸುಮ್ನೆ ಕೂರಿ ಎಂದವನು ಭಾನುವಾರ ಎರಡು ನಿಮಿಷ ಕೂರಲೂ ಬಿಟ್ಟಿರಲಿಲ್ಲ.

ಈಗ ಬೇರೆ ಧರ್ಮಕೇಂದ್ರದ ಕಿರಿಯ ಗುರುಗಳು ‘ಭಕ್ತಿ ಬೆಳೆಸಲು ಏನು ಕಾರ್ಯಕ್ರಮ ಇಡೋಣ ಫಾದರ್?’ ಎಂದು ಕೇಳುತ್ತಾರೆ. ಕಾರ್ಯಕ್ರಮ ಆಮೇಲೆ ಎನ್ನುತ್ತೇನೆ. ಮೊದಲು ಒಂದು ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು ಪೂಜೆ ನೋಡುತ್ತೇನೆ.

ಮೌನ ಎಲ್ಲಿದೆ ಅಂತ ಮೊದಲು ಹುಡುಕುತ್ತೇನೆ. ಪೂಜೆಯ ನಿಯಮವೇ ಮೌನ ಕೇಳುತ್ತದೆ: ಪಶ್ಚಾತ್ತಾಪದ ಹೊತ್ತಿನಲ್ಲಿ, ‘ಪ್ರಾರ್ಥಿಸೋಣ’ ಎಂದ ಮೇಲೆ, ಬೈಬಲ್ ವಾಚನ ಮತ್ತು ಪ್ರಬೋಧನೆಯ (ಗುರುಗಳ ಉಪದೇಶದ) ನಂತರ, ಪ್ರಸಾದ ಸ್ವೀಕರಿಸಿದ ನಂತರ. ಆದರೆ ಗಾಯನದವರಿಗೆ ಮೌನ ಅಂದರೆ ಯಾರೋ ಏನೋ ಮರೆತಿದ್ದಾರೆ ಅನ್ನುವ ಗಾಬರಿ. ತಕ್ಷಣ ಇನ್ನೊಂದು ಹಾಡು ಎತ್ತುತ್ತಾರೆ. ಅವರನ್ನು ಗದರಬೇಡಿ, ಪಕ್ಕಕ್ಕೆ ಕರೆದು ಕಾರಣ ಹೇಳಿ. ಮೊದಲ ವಾರ ಬರೀ ಕೆಮ್ಮು ಕೇಳಿಸುತ್ತದೆ. ನಾಲ್ಕೈದು ವಾರದಲ್ಲಿ ಮಕ್ಕಳೂ ತಣ್ಣಗಾಗುತ್ತಾರೆ.

ಆಮೇಲೆ ಉಳಿದ ಪ್ರಸಾದ ಇಡುವ ಪೆಟ್ಟಿಗೆಯ ಕಡೆ ನೋಡುತ್ತೇನೆ. ಆ ಪೂಜೆಯಲ್ಲೇ ಅರ್ಪಿಸಿದ ಪ್ರಸಾದವನ್ನು ಜನ ಸ್ವೀಕರಿಸುವುದು ಬಹಳ ಒಳ್ಳೆಯದು ಎನ್ನುತ್ತದೆ ನಿಯಮ. ಪೆಟ್ಟಿಗೆಯಲ್ಲಿ ಇರುವವರೂ ಅದೇ ಕ್ರಿಸ್ತರು, ಅದರಲ್ಲಿ ಅನುಮಾನವಿಲ್ಲ. ಆದರೆ ಪೀಠದ ಮೇಲೆ ಜನರ ಕಣ್ಣೆದುರು ಅರ್ಪಿಸಿದ್ದನ್ನು ಬಿಟ್ಟು ಹೋದ ವಾರದ್ದನ್ನು ಹಂಚಿದರೆ, ಅರ್ಪಣೆಗೂ ಸ್ವೀಕಾರಕ್ಕೂ ಇರುವ ನಂಟು ಕಣ್ಣಿಗೆ ಕಾಣುವುದಿಲ್ಲ. ಬಂದವರನ್ನು ಬಾಗಿಲಲ್ಲೇ ಅಂದಾಜಿನಲ್ಲಿ ಎಣಿಸಿ ರೊಟ್ಟಿ ಇಟ್ಟರೆ ಸಾಕು. ಪೆಟ್ಟಿಗೆಯಲ್ಲಿ ಇಡುವುದು ಮೊದಲಿಗೆ ಕಾಯಿಲೆಯವರಿಗಾಗಿ, ಸಾಯುವ ಹೊತ್ತಿನಲ್ಲಿ ಇರುವವರಿಗಾಗಿ. ಸುಮಾರು ಕ್ರಿ.ಶ. 155ರಲ್ಲಿ ಸಂತ ಜಸ್ಟಿನ್ ಭಾನುವಾರದ ಸಭೆಯನ್ನು ವಿವರಿಸುವಾಗಲೂ, ಬಾರದವರಿಗೆ ಪ್ರಸಾದ ಕೊಂಡೊಯ್ಯುವುದನ್ನು ಬರೆದಿದ್ದಾರೆ. ನಿಮ್ಮಲ್ಲಿ ಹಾಸಿಗೆ ಹಿಡಿದವರ ಮನೆಗೆ ಪ್ರಸಾದ ತಲುಪಿ ಎಷ್ಟು ದಿನವಾಯಿತು? ಈ ಪ್ರಶ್ನೆಗೆ ಕೆಲವು ಗುರುಗಳು ಮಾತು ಬದಲಿಸುತ್ತಾರೆ!

ಇನ್ನು ಸ್ವೀಕಾರದ ಸಾಲು. 1215ರಲ್ಲಿ ರೋಮಿನಲ್ಲಿ ಸೇರಿದ ಬಿಷಪರ ಲ್ಯಾಟರನ್ ಮಹಾಸಭೆ, ವರ್ಷಕ್ಕೊಮ್ಮೆ ಪಾಸ್ಖ (ಈಸ್ಟರ್) ಹಬ್ಬದ ಹೊತ್ತಿಗಾದರೂ ಪ್ರಸಾದ ಸ್ವೀಕರಿಸಿ ಎಂದು ಕಟ್ಟಳೆ ಮಾಡಬೇಕಾಯಿತು. ಜನ ಅಷ್ಟು ದೂರ ನಿಂತುಬಿಟ್ಟಿದ್ದರು. 1905ರಲ್ಲಿ ಪೋಪ್ ಹತ್ತನೇ ಪಯಸ್ ದಿನವೂ ಬನ್ನಿ ಎಂದರು, 1910ರಲ್ಲಿ ಏಳರ ಆಸುಪಾಸಿನ ಮಕ್ಕಳಿಗೂ ದಾರಿ ಬಿಟ್ಟರು. ಈಗಿನ ತೊಂದರೆ ಉಲ್ಟಾ, ಸಿದ್ಧತೆಯಿಲ್ಲದೆಯೇ ಸಾಲಿಗೆ ಬರುತ್ತಾರೆ. ಬೆಂಚಿನವರೆಲ್ಲ ಎದ್ದರು, ನಾನೂ ಎದ್ದೆ, ಅಲ್ವಾ? ಇದಕ್ಕೆ ಪ್ರಬೋಧನೆಯಲ್ಲಿ ಬೈದು ಪ್ರಯೋಜನವಿಲ್ಲ. ಪೂಜೆಗೆ ಅರ್ಧ ಗಂಟೆ ಮೊದಲು ಜನರ ಪಾಪನಿವೇದನೆ ಕೇಳಲು ಹೋಗಿ ಕೂರಿ, ಪ್ರತಿ ವಾರ, ಯಾರೂ ಬಾರದಿದ್ದರೂ. ಪ್ರಸಾದ ಸ್ವೀಕರಿಸುವ ಮೊದಲಿನ ಒಂದು ಗಂಟೆಯ ಉಪವಾಸವನ್ನೂ ಆಗಾಗ ನೆನಪಿಸಿ.

ಪ್ರಸಾದ ಪಡೆಯುವಾಗ ಹೇಳುವ ‘ಆಮೆನ್’ ಎಂಬ ಉತ್ತರದ ಬಗ್ಗೆಯೂ ಮಾತಾಡಿ. ಸಂತ ಅಗಸ್ಟೀನರು ಹೊಸದಾಗಿ ಸ್ನಾನದೀಕ್ಷೆ ಪಡೆದವರಿಗೆ ಹೇಳಿದ್ದು ಇದನ್ನೇ: ನೀವೇ ಕ್ರಿಸ್ತರ ದೇಹ, ಪೀಠದ ಮೇಲೆ ಇರುವುದು ನಿಮ್ಮದೇ ರಹಸ್ಯ, ನೀವು ಏನಾಗಿದ್ದೀರೋ ಅದಕ್ಕೆ ಆಮೆನ್ ಎನ್ನುತ್ತೀರಿ. ಮೊದಲ ಕಾಲದ ಕ್ರೈಸ್ತರ ಕೂಟವೊಂದಿದ್ದ ಕೊರಿಂಥ ಪಟ್ಟಣದಲ್ಲಿ ಕೆಲವರು ಹಸಿದಿರುವಾಗ ಕೆಲವರು ಕುಡಿದು ಮತ್ತರಾಗಿದ್ದರು. ನೀವು ಉಣ್ಣುವುದು ಪ್ರಭುವಿನ ಭೋಜನವೇ ಅಲ್ಲ ಎಂದು ಸಂತ ಪೌಲರು ಪತ್ರ ಬರೆದು ಗದರಿದರು. ಪಕ್ಕದ ಬೆಂಚಿನವರ ಜೊತೆ ಮಾತು ಬಿಟ್ಟ ಮನೆಗಳಿಗೆ ನಾನು ಈ ಭಾಗ ಓದಿ ಹೇಳಿದ್ದೇನೆ. ಒಂದೆರಡು ಕಡೆ ಮಾತ್ರ ಫಲ ಸಿಕ್ಕಿತು.

ಯುವಕರಿಗೆ ಪವಾಡಗಳಿಗಿಂತ ಹೆಚ್ಚಾಗಿ ವಿಯೆಟ್ನಾಂನ ಬಿಷಪ್ ವಾನ್ ಥುವಾನರ ಕತೆ ಹೇಳುತ್ತೇನೆ. 1975ರಲ್ಲಿ ಬಂಧನಕ್ಕೊಳಗಾಗಿ ಹದಿಮೂರು ವರ್ಷ ಸೆರೆಯಲ್ಲಿದ್ದರು. ಹೊಟ್ಟೆನೋವಿನ ಔಷಧಿ ಅಂತ ತರಿಸಿಕೊಂಡ ದ್ರಾಕ್ಷಾರಸದ ಮೂರು ಹನಿ, ನೀರಿನ ಒಂದು ಹನಿ. ಅಂಗೈಯೇ ಪಾತ್ರೆ. ಅದರಲ್ಲೇ ಬಲಿಪೂಜೆ ಅರ್ಪಿಸಿದರು.

ಇಷ್ಟೆಲ್ಲ ಸ್ವಲ್ಪ ಹದಕ್ಕೆ ಬಂದ ಮೇಲೆ ಆರಾಧನೆ ಶುರುಮಾಡಿ. ಇಡೀ ರಾತ್ರಿ ಬೇಡ. ವಾರದ ಒಂದು ಸಂಜೆ, ಪೂಜೆಯ ಬೆನ್ನಿಗೇ ಅರ್ಧ ಗಂಟೆ ಸಾಕು. ಬರೀ ಆಶೀರ್ವಾದ ಕೊಡಲು ಪ್ರಸಾದವನ್ನು ಹೊರಗಿಡುವಂತಿಲ್ಲ. ಒಂದು ವಾಚನ, ಒಂದು ಹಾಡು, ಉಳಿದದ್ದು ಪ್ರಾರ್ಥನೆ. ಮೈಕ್ ಆಫ್ ಮಾಡಿ. ನೀವೂ ಜನರ ಕಡೆ ತಿರುಗಿ ನಿಲ್ಲದೆ ಅವರ ಜೊತೆಗೇ ಮಂಡಿಯೂರಿ. ಹತ್ತು ಜನ ಬಂದರೆ ಹತ್ತು ಜನ. ಬಾಗಿಲಿಗೆ ಪಟ್ಟಿ ಮಾತ್ರ ಅಂಟಿಸಬೇಡಿ.