ಕರೆಂಟ್ ಹೋದರೆ ಲಾಕರ್ ಬಾಗಿಲು ತೆರೆದುಕೊಳ್ಳುತ್ತದಾ?

ಪ್ರಶ್ನೆ: ಮಗಳನ್ನು ನೋಡಲು ಬೆಂಗಳೂರಿಗೆ ಹೋದಾಗ ಮೆಟ್ರೋ ನಿಲ್ದಾಣದಲ್ಲಿ ಬೀಗದ ಕೈ ಇಲ್ಲದ ಡಿಜಿಟಲ್ ಲಾಕರ್ ನೋಡಿದೆವು. ಬ್ಯಾಗ್ ಇಡೋಣ ಅಂದರೆ ನಮ್ಮ ಯಜಮಾನರು, "ಬ್ಯಾಡ, ಕರೆಂಟ್ ಹೋದ್ರೆ ಬಾಗ್ಲೆಲ್ಲ ತಾವೇ ಓಪನ್ ಆಗ್ತಾವಂತೆ" ಅಂದರು. ಇದು ನಿಜವೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಇಲ್ಲಮ್ಮ, ತೆರೆದುಕೊಳ್ಳುವುದಿಲ್ಲ. ಕರೆಂಟ್ ಹೋದಾಗ ಆ ಬಾಗಿಲು ಮುಚ್ಚಿಯೇ ಇರುತ್ತದೆ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಹರಿಹರದವರು ಕೇಳಿದ್ದಾರೆ, ಜಗಳೂರಿನವರು ಕೇಳಿದ್ದಾರೆ, ಚಿತ್ರದುರ್ಗದಿಂದ ಫೋನ್ ಮಾಡಿಯೂ ಕೇಳಿದ್ದಾರೆ. ಇವತ್ತು ಬೀಗವನ್ನೇ ಬಿಚ್ಚಿಟ್ಟು ಹೇಳಿಬಿಡುತ್ತೇನೆ.

ಈ ನಂಬಿಕೆ ಹುಟ್ಟಿದ್ದು ಕಚೇರಿಗಳ ಗಾಜಿನ ಬಾಗಿಲಿನಿಂದ. ಕಾರ್ಡ್ ತೋರಿಸಿದರೆ ಮಾತ್ರ ತೆರೆಯುವ ಆ ಬಾಗಿಲುಗಳ ಚೌಕಟ್ಟಿನ ಮೇಲ್ಗಡೆ ಸಾಮಾನ್ಯವಾಗಿ ಉದ್ದನೆಯ ವಿದ್ಯುತ್ ಅಯಸ್ಕಾಂತ ಇರುತ್ತದೆ, ಬಾಗಿಲಿಗೆ ಒಂದು ಕಬ್ಬಿಣದ ಪಟ್ಟಿ. ಕರೆಂಟ್ ಹರಿಯುವಷ್ಟು ಹೊತ್ತು ಅಯಸ್ಕಾಂತ ಪಟ್ಟಿಯನ್ನು ಕಚ್ಚಿ ಹಿಡಿದಿರುತ್ತದೆ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ ಅಳತೆಯದ್ದು ಸುಮಾರು 270 ಕೆ.ಜಿ. ಎಳೆತವನ್ನು ತಡೆಯುತ್ತದೆ. ಕರೆಂಟ್ ನಿಂತು ಬ್ಯಾಟರಿಯೂ ಮುಗಿದರೆ ಹಿಡಿತ ಬಿಟ್ಟುಹೋಗುತ್ತದೆ. ಬೇಕೆಂದೇ ಹಾಗೆ ಮಾಡಿರುತ್ತಾರೆ, ಏಕೆಂದರೆ ಬೆಂಕಿ ಬಿದ್ದಾಗ ಒಳಗಿನ ಜನ ಹೊರಗೆ ಓಡಿ ಬರಬೇಕು. ಲಾಕರಿನೊಳಗೆ ಇರುವುದು ಬ್ಯಾಗು. ಅದಕ್ಕೆ ಹಾಕುವುದು ಬೇರೆಯೇ ಜಾತಿಯ ಬೀಗ.

ಅದಕ್ಕೆ ಸೊಲೆನಾಯ್ಡ್ ಲಾಕ್ ಅನ್ನುತ್ತಾರೆ. ಅಂಗೈಯಲ್ಲಿ ಹಿಡಿಸುವ ಲೋಹದ ಡಬ್ಬಿ. ಒಳಗೆ ತಾಮ್ರದ ತಂತಿಯ ಸುರುಳಿ, ಸುರುಳಿಯ ನಡುವೆ ಹಿಂದೆ ಮುಂದೆ ಜಾರುವ ಕಬ್ಬಿಣದ ಗೂಟ, ಗೂಟಕ್ಕೊಂದು ಸ್ಪ್ರಿಂಗ್. ನೀವು ಬಾಗಿಲು ಒತ್ತಿದಾಗ ಅದರ ಕೊಕ್ಕೆ ಡಬ್ಬಿಯೊಳಗೆ ಹೋಗುತ್ತದೆ, ಸ್ಪ್ರಿಂಗ್ ಗೂಟವನ್ನು ಅಡ್ಡ ನೂಕುತ್ತದೆ, "ಟಕ್" ಅಂತ ಕೇಳಿಸುತ್ತದೆ. ಇಷ್ಟರಲ್ಲಿ ಕರೆಂಟಿಗೆ ಏನೂ ಕೆಲಸವಿಲ್ಲ. ನಿಮ್ಮ ಮನೆ ಬಾಗಿಲ ಚಿಲಕ ಹೇಗೋ ಇದೂ ಹಾಗೆ, ಹಾಕಿದ್ದು ಹಾಕಿದಂತೆ ಇರುತ್ತದೆ. ಕರೆಂಟ್ ಬೇಕಾಗುವುದು ತೆರೆಯುವಾಗ ಮಾತ್ರ. ನೀವು ಒತ್ತಿದ ಒಟಿಪಿ (ಫೋನಿಗೆ ಬರುವ ಗುಟ್ಟಿನ ಸಂಖ್ಯೆ) ಸರಿಯಾಗಿದ್ದರೆ ಯಂತ್ರವು ಸುರುಳಿಗೆ ಒಂದು ಕ್ಷಣ 12 ವೋಲ್ಟ್ ಕೊಡುತ್ತದೆ, ಗೂಟ ಹಿಂದೆ ಸರಿಯುತ್ತದೆ, ಬಾಗಿಲು ಹೊರಗೆ ಚಿಮ್ಮುತ್ತದೆ. ಕೆಲವು ಕಂಪನಿಗಳು ಇನ್ನಷ್ಟು ವೋಲ್ಟ್ ಬಳಸುತ್ತವೆ, ಕೆಲಸ ಒಂದೇ.

ಐಟಿಐ ಹುಡುಗರಿಗೆ ಪಾಠ ಮಾಡುವಾಗ ಈ ಬೀಗವನ್ನು ಕೈಗೇ ಕೊಟ್ಟು, ವೈರ್ ಕಿತ್ತು ತೆರೆಯಿರಿ ನೋಡೋಣ ಅನ್ನುತ್ತೇನೆ. ಎಳೆಯುತ್ತಾರೆ, ತಿರುಚುತ್ತಾರೆ, ಬರುವುದಿಲ್ಲ. ಆಮೇಲೆ ವೈರ್ ಜೋಡಿಸಿ ಕರೆಂಟ್ ಹರಿಸುತ್ತಲೇ ಇರಿ ಅನ್ನುತ್ತೇನೆ. ಸ್ವಲ್ಪ ಹೊತ್ತಿಗೆ ಸುರುಳಿ ಕೈ ಸುಡುತ್ತದೆ. ಈ ಸುರುಳಿ ಕ್ಷಣಕಾಲದ ಕೆಲಸಕ್ಕೆ ಸುತ್ತಿದ್ದು, ದಿನವಿಡೀ ಕರೆಂಟ್ ಕೊಟ್ಟರೆ ಉರಿದು ಹೋಗುತ್ತದೆ. ಹಾಗಿದ್ದ ಮೇಲೆ ಕರೆಂಟೇ ಬಾಗಿಲನ್ನು ಹಿಡಿದಿಟ್ಟಿದೆ ಅನ್ನುವ ಮಾತು ನಿಲ್ಲುವುದು ಹೇಗೆ? ಇದನ್ನು ಒಮ್ಮೆ ಮಾಡಿ ನೋಡಿದ ಹುಡುಗರು ಮನೆಗೆ ಹೋಗಿ ಅಪ್ಪ ಅಮ್ಮನಿಗೂ ತಿಳಿಸಿ ಹೇಳುತ್ತಾರೆ. ನನಗೆ ಅದು ಹೆಮ್ಮೆ.

ಕರೆಂಟ್ ವಾಪಸ್ ಬಂದಾಗ ಯಂತ್ರ ಎಲ್ಲ ಮರೆತುಬಿಟ್ಟರೆ ಎಂಬ ಅನುಮಾನವೂ ಬೇಡ. ಯಾವ ಪೆಟ್ಟಿಗೆ ಯಾರದ್ದು ಎಂಬುದು ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲೋ ಸರ್ವರ್‌ನಲ್ಲೋ ಇರುತ್ತದೆ.

ನಿಜವಾಗಿ ಹುಷಾರಾಗಿರಬೇಕಾದದ್ದು ಬಾಗಿಲು ಪೂರ್ತಿ ಕೂರದೇ ಹೋದಾಗ. ಬ್ಯಾಗಿನ ಪಟ್ಟಿಯೋ ಸೀರೆಯ ಸೆರಗೋ ಸಂದಿಯಲ್ಲಿ ಸಿಕ್ಕಿದರೆ ಕೊಕ್ಕೆ ಒಳಗೆ ಹೋಗುವುದಿಲ್ಲ. ಟಕ್ ಅಂತ ಕೇಳುವವರೆಗೆ ಒತ್ತಿ, ಒಮ್ಮೆ ಎಳೆದು ನೋಡಿ. ಇನ್ನೊಂದು, ಫೋನ್ ಚಾರ್ಜ್. ಒಟಿಪಿ ಬರುವುದು ಫೋನಿಗೆ, ಫೋನ್ ಆರಿಹೋದರೆ ಬ್ಯಾಗ್ ಒಳಗೇ. ಲಾಕರ್ ನಂಬರ್, ಪಿನ್ ಕೊಟ್ಟಿದ್ದರೆ ಪಿನ್, ಅಲ್ಲೇ ಬರೆದಿರುವ ಸಹಾಯವಾಣಿ ನಂಬರ್, ಇಷ್ಟನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. "ಕೊಡಿ, ನಾನು ತೆರೆದುಕೊಡ್ತೀನಿ" ಅನ್ನುವ ಅಪರಿಚಿತರಿಗೆ ಒಟಿಪಿ ಹೇಳಲೇಬೇಡಿ.

ನೀವು ಕೇಳಿಲ್ಲ, ಆದರೂ ಬಾಡಿಗೆಯ ವಿಷಯ ಹೇಳಬೇಕು. ರೈಲ್ವೆ ಕ್ಲೋಕ್ ರೂಮಿನಲ್ಲಿ ಟಿಕೆಟ್ ತೋರಿಸಬೇಕು, ಬ್ಯಾಗಿಗೆ ಬೀಗ ಇರಲೇಬೇಕು, ಬಾಡಿಗೆ ಒಂದೊಂದು ಬ್ಯಾಗಿಗೆ, 24 ಗಂಟೆಯ ಲೆಕ್ಕದಲ್ಲಿ. ಡಿಜಿಟಲ್ ಲಾಕರಿನಲ್ಲಿ ಬಾಡಿಗೆ ಪೆಟ್ಟಿಗೆಗೆ, ಗಂಟೆಗಳ ಲೆಕ್ಕದಲ್ಲಿ. ಒಂದೇ ಪೆಟ್ಟಿಗೆಯಲ್ಲಿ ಎರಡು ಸಣ್ಣ ಬ್ಯಾಗ್ ಹಿಡಿಸಿದರೆ ನಿಮಗೇ ಲಾಭ. ಒಂದು ದಿನಕ್ಕಿಂತ ಹೆಚ್ಚು ಇಡುವುದಾದರೆ ಕ್ಲೋಕ್ ರೂಮಿನ ದರವನ್ನೂ ಕೇಳಿ ನೋಡಿ.

ನನ್ನ ಕೇಳಿದರೆ ಇಂಥ ಲಾಕರ್ ತುರ್ತಾಗಿ ಬೇಕಿರುವುದು ಚಿತ್ರದುರ್ಗದ ಬಸ್ ನಿಲ್ದಾಣಕ್ಕೆ. ಏಳು ಸುತ್ತಿನ ಕೋಟೆ ಹತ್ತಲು ಬಂದವರು ಚಕ್ರದ ಸೂಟ್‌ಕೇಸನ್ನು ಕಲ್ಲಿನ ಮೆಟ್ಟಿಲ ಮೇಲೆ ಎತ್ತಿಕೊಂಡು ಹೋಗುವುದು ನೋಡಿದರೆ ಸಂಕಟವಾಗುತ್ತದೆ. ಅವರಿಗೆ ಅರ್ಧ ದಿನದ ಜಾಗ ಸಿಕ್ಕರೆ ಸಾಕು. ಅಲ್ಲಿಯವರೆಗೆ, ಬೆಂಗಳೂರಿಗೆ ಹೊರಡುವ ಮುನ್ನ ನಿಮ್ಮ ಸೂಟ್‌ಕೇಸಿನ ಎತ್ತರವನ್ನು ಚಕ್ರವೂ ಸೇರಿಸಿ ಟೇಪಿನಲ್ಲಿ ಅಳೆದುಕೊಳ್ಳಿ. ಚಕ್ರ ಬಿಟ್ಟು ಅಳೆದು, ಸಣ್ಣ ಪೆಟ್ಟಿಗೆಗೆ ದುಡ್ಡು ಕಟ್ಟಿ, ಆಮೇಲೆ ಹಿಡಿಸದೆ ಒದ್ದಾಡುವವರೇ ಹೆಚ್ಚು.