ಸಿಟಿಸಿಗೆ ಸಹಿ ಹಾಕುವ ಮುನ್ನ ಎಣಿಸಿ

ವರ್ಗಾವಣೆಯ ಕಾಲ ಬಂತೆಂದರೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಎಷ್ಟೋ ಕಚೇರಿಗಳಲ್ಲಿ ಸಿಟಿಸಿಗೆ, ಅಂದರೆ ಹುದ್ದೆಯ ಪ್ರಭಾರ ವಹಿಸಿಕೊಟ್ಟ ಪತ್ರಕ್ಕೆ, ಸಹಿ ಬೀಳುವುದು ಹತ್ತು ನಿಮಿಷದ ಕೆಲಸ. ಹೋಗುವವರು ಬಂದವರ ಕೈಗೆ ಬೀಗದ ಕೈ ಕೊಡುತ್ತಾರೆ, ಹಾರ, ಶಾಲು, ಚಹಾ ಆಗುತ್ತದೆ, ಪ್ರಭಾರ ಪತ್ರದ ಕೆಳಗೆ ಎರಡು ಸಹಿ. ಉಗ್ರಾಣದಲ್ಲಿ ಏನಿದೆ, ನಗದು ಪುಸ್ತಕ ಎಲ್ಲಿಗೆ ನಿಂತಿದೆ ಎಂಬುದನ್ನು ಆಮೇಲೆ ನೋಡಿದರಾಯಿತು. ಸೇನಾ ನಾಯಕರ ಪ್ರಾಮಾಣಿಕತೆಯ ಮಾತು ಬಂದಾಗ ಎಲ್ಲರೂ ಶೌರ್ಯ, ತ್ಯಾಗ ಎನ್ನುತ್ತಾರೆ. ನನ್ನ ಪ್ರಕಾರ ಸೈನಿಕ ಜೀವನಕ್ಕೂ ನಾಗರಿಕ ಜೀವನಕ್ಕೂ ಇರುವ ಅಂತರ ಶುರುವಾಗುವುದು ಈ ಹತ್ತು ನಿಮಿಷದಲ್ಲಿ.

ಸೇನೆಯಲ್ಲಿ ಒಂದು ಕಂಪನಿಯೋ ಸ್ಟೋರೋ ಕೈ ಬದಲಾಗುವಾಗ 'ಹ್ಯಾಂಡಿಂಗ್-ಟೇಕಿಂಗ್'ಗೆಂದೇ ದಿನಗಳನ್ನು ಎತ್ತಿಡುತ್ತಾರೆ. ಬಂದವರು ಲೆಡ್ಜರ್ ಹಿಡಿದು ಕಪಾಟಿನ ಮುಂದೆ ನಿಂತು ಎಣಿಸಬೇಕು. ಆಯುಧಗಳಿರುವ ಕೋತ್‌ನಲ್ಲಿ ಒಟ್ಟು ರೈಫಲ್ ಎಷ್ಟು ಎಂದು ಎಣಿಸಿದರೆ ಸಾಲದು. ಪ್ರತಿಯೊಂದರ ಮೇಲೆ ಕೊರೆದ ನಂಬರನ್ನು ಓದಿ ರಿಜಿಸ್ಟರಿಗೆ ತಾಳೆ ನೋಡಬೇಕು. ಒಂದು ದುರಸ್ತಿಗೆ ಹೋಗಿದೆ ಎಂದರೆ ವರ್ಕ್‌ಶಾಪಿನ ರಸೀದಿ ತೋರಿಸಬೇಕು. ಗಾರ್ಡಿನವರ ಬಳಿ ಇದೆ ಎಂದರೆ ಒಯ್ದವರ ಸಹಿ ಇರಬೇಕು. ಸಹಿ ಬಿದ್ದ ಗಳಿಗೆಯಿಂದ ಇದ್ದದ್ದು, ಇಲ್ಲದ್ದು ಎರಡೂ ಹೊಸಬರ ತಲೆಗೆ. ಎಣಿಸುವ ಕೆಲಸವನ್ನು ಕೈಕೆಳಗಿನವರಿಗೆ ವಹಿಸಬಹುದು, ಉತ್ತರ ಕೊಡುವುದನ್ನು ಮಾತ್ರ ವಹಿಸಲಾಗದು.

ಇದರ ಸಣ್ಣ ರೂಪವನ್ನು ಬಳ್ಳಾರಿಯ ಕಾಲೇಜು ಹುಡುಗರು ಎನ್‌ಸಿಸಿ ಫೈರಿಂಗಿನಲ್ಲಿ ನೋಡಿರುತ್ತಾರೆ. 40 ಕೆಡೆಟ್‌ಗಳಿಗೆ ತಲಾ 5 ಗುಂಡು ಕೊಟ್ಟರೆ ಕೊನೆಗೆ ಹಾರಿದ ಗುಂಡಿನ 200 ಖಾಲಿ ಕೋಶಗಳು ಡಬ್ಬಿಗೆ ಬೀಳಬೇಕು. 199 ಬಿದ್ದರೆ ಹುಡುಕಾಟ ಶುರು: ಮಲಗಿದ್ದ ಚಾಪೆ ಕೊಡವುತ್ತಾರೆ, ಬೂಟಿನ ಸಂದಿ ನೋಡುತ್ತಾರೆ, ಮಣ್ಣು ಕೆದಕುತ್ತಾರೆ. ಒಂದು ಪಾಯಿಂಟ್ ಟೂ ಟೂ ಕೋಶಕ್ಕೆ ಪೇಟೆಯಲ್ಲಿ ಬೆಲೆಯೇ ಇಲ್ಲ. ಆದರೆ ಖಾಲಿ ಕೋಶವೊಂದೇ ಗುಂಡು ಹಾರಿದ್ದಕ್ಕೆ ಸಾಕ್ಷಿ. ಅದಿಲ್ಲದಿದ್ದರೆ ಜೀವಂತ ಗುಂಡೊಂದು ಯಾರದೋ ಜೇಬಿನಲ್ಲಿ ಊರಿಗೆ ಹೋಗಿರಬಹುದು.

ಈ ಅಭ್ಯಾಸಕ್ಕೆ ಕಾನೂನಿನ ಬೆನ್ನೆಲುಬಿದೆ. 1950ರ ಸೇನಾ ಕಾಯ್ದೆಯ 57ನೇ ಕಲಂ ಸುಳ್ಳು ದಾಖಲೆಯನ್ನು ಕೋರ್ಟ್ ಮಾರ್ಷಲ್‌ಗೆ ಒಯ್ಯುತ್ತದೆ. 58ನೇ ಕಲಂ ಇನ್ನೂ ಸೂಕ್ಷ್ಮ. ವೇತನ, ಆಯುಧ, ಬಟ್ಟೆ, ರೇಷನ್ನಿಗೆ ಸಂಬಂಧಿಸಿದ ಕಾಗದದಲ್ಲಿ ಮುಖ್ಯವಾದ ಜಾಗವನ್ನು ವಂಚನೆಯಿಂದ ಖಾಲಿ ಬಿಟ್ಟು ಸಹಿ ಹಾಕಿದರೆ ಅಪರಾಧ. ಕಳಿಸಲೇಬೇಕಾದ ವರದಿಯನ್ನು ಶಿಕ್ಷಾರ್ಹ ಅಲಕ್ಷ್ಯದಿಂದ ಕಳಿಸದಿರುವುದೂ ಅದೇ ಕಲಮಿನಡಿ ಅಪರಾಧವೇ. ಮೇಲಿನವರಿಗೆ ತಿಳಿಸದೆ ಸುಮ್ಮನಿದ್ದದ್ದಕ್ಕೂ ಜೈಲಿನ ದಾರಿ ಇದೆ ಎಂದಾಗ, ಸುಮ್ಮನಿರುವುದು ಸುರಕ್ಷಿತ ಎಂಬ ಲೆಕ್ಕಾಚಾರ ತಲೆಕೆಳಗಾಗುತ್ತದೆ.

ನಷ್ಟ ಕಂಡರೆ ಕೋರ್ಟ್ ಆಫ್ ಇನ್‌ಕ್ವೈರಿ ಕೂರುತ್ತದೆ. ಅದು ಶಿಕ್ಷೆ ಕೊಡುವ ನ್ಯಾಯಾಲಯ ಅಲ್ಲ, ಸಾಕ್ಷ್ಯ ಕಲೆಹಾಕುವ ಸಭೆ. ಒಬ್ಬರ ಚಾರಿತ್ರ್ಯಕ್ಕೆ ಧಕ್ಕೆ ಬರುವಂತಿದ್ದರೆ ಅವರು ವಿಚಾರಣೆಯುದ್ದಕ್ಕೂ ಹಾಜರಿರಲು, ಸಾಕ್ಷಿಗಳನ್ನು ಪ್ರಶ್ನಿಸಲು 1954ರ ಸೇನಾ ನಿಯಮಗಳ 180ನೇ ನಿಯಮ ಅವಕಾಶ ಕೊಡುತ್ತದೆ. ಕೆಳಗಿನವರ ತಲೆಗೆ ಕಟ್ಟಿ ಮೇಲಿನವರು ಪಾರಾಗಬಾರದೆಂದರೆ ಈ ನಿಯಮ ಅಕ್ಷರಶಃ ಪಾಲನೆಯಾಗಬೇಕು.

ನಮ್ಮ ಕಚೇರಿಗಳಲ್ಲೂ ನಿಯಮಕ್ಕೆ ಕೊರತೆಯಿಲ್ಲ. ನೌಕರರ ಶಿಸ್ತುಕ್ರಮಕ್ಕೆ 1957ರ ಸಿಸಿಎ ನಿಯಮಗಳಿವೆ, 11ನೇ ನಿಯಮದಡಿ ಇಲಾಖಾ ವಿಚಾರಣೆ ಇದೆ, ಲೋಕಾಯುಕ್ತವಿದೆ. ತೊಡಕಿರುವುದು ಕಡತದಲ್ಲಿ. ವಿಷಯ ನಿರ್ವಾಹಕರು ಟಿಪ್ಪಣಿ ಬರೆಯುತ್ತಾರೆ, ಅಧೀಕ್ಷಕರು 'ಪರಿಶೀಲಿಸಿದೆ' ಎನ್ನುತ್ತಾರೆ, ಸಾಹೇಬರು 'ಕಂಡಿಕೆ 12ರಂತೆ ಅನುಮೋದಿಸಿದೆ' ಎನ್ನುತ್ತಾರೆ. ಈ ಸಹಿಗಳಲ್ಲಿ ಒಂದೂ 'ನಾನು ಕಣ್ಣಾರೆ ನೋಡಿದೆ' ಎನ್ನುವುದಿಲ್ಲ. ತನಿಖೆ ಬಂದಾಗ ಪ್ರತಿಯೊಬ್ಬರೂ ತಮ್ಮ ಕೆಳಗಿನ ಸಹಿಯನ್ನು ತೋರಿಸುತ್ತಾರೆ. ನಿವೃತ್ತರಾದ ಮೇಲಂತೂ, ಕರ್ನಾಟಕ ನಾಗರಿಕ ಸೇವಾ ನಿಯಮಗಳ (ಕೆಸಿಎಸ್‌ಆರ್) 214ನೇ ನಿಯಮದ ಪ್ರಕಾರ, 4 ವರ್ಷಕ್ಕಿಂತ ಹಳೆಯ ಘಟನೆಗೆ ಹೊಸದಾಗಿ ಇಲಾಖಾ ವಿಚಾರಣೆ ಶುರು ಮಾಡುವಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟ್‌ಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಅಂಥ ಯಾವುದೇ ಯಂತ್ರಕ್ಕೆ 'ಎಲ್ಲ ಗೇಟ್‌ಗಳ ತಪಾಸಣೆ ಆಗಿದೆ' ಎಂಬ ಒಂದು ಸಾಲು ಸಾಲದು. ಗೇಟಿಗೊಂದು ಪುಟ, ಕೊಂಡಿ ನೋಡಿದವರ ಹೆಸರು, ತಾರೀಖು ಬೇಕು.

ಸೇನೆಯಲ್ಲಿ ಕಳಂಕವೇ ಇಲ್ಲ ಎಂದು ನಾನು ಹೇಳಲಾರೆ. ಪಶ್ಚಿಮ ಬಂಗಾಳದ ಸುಕ್ನಾ ಸೇನಾ ನೆಲೆಯ ಪಕ್ಕದ ಭೂಮಿಯ ಪ್ರಕರಣದಲ್ಲಿ ಲೆಫ್ಟಿನೆಂಟ್ ಜನರಲ್ ದರ್ಜೆಯವರೇ ಕೋರ್ಟ್ ಮಾರ್ಷಲ್ ಎದುರಿಸಿದರು. ಅದರಲ್ಲಿ ಒಬ್ಬರ ಮೇಲಿನ ತೀರ್ಪನ್ನು 2014ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ರದ್ದು ಮಾಡಿತು. ಅಧಿಕಾರ ಒಬ್ಬರ ಕೈಯಲ್ಲಿ ಗಟ್ಟಿಯಾಗಿರುವ ಕಡೆ ತಪ್ಪು ತೀರ್ಪಿನ ಅಪಾಯವೂ ಗಟ್ಟಿಯಾಗಿಯೇ ಇರುತ್ತದೆ. ನಾಗರಿಕರ ಬಳಿ ಸೈನಿಕರಿಗಿಲ್ಲದ ಒಂದು ಶಕ್ತಿಯೂ ಇದೆ: ಗ್ರಾಮ ಪಂಚಾಯಿತಿಯ ಲೆಕ್ಕವನ್ನು ಜನರೆದುರು ಪರಿಶೀಲಿಸುವ ಜಮಾಬಂದಿಯಲ್ಲಿ ಮಸ್ಕಿಯ ಕೂಲಿಕಾರ ಹೆಂಗಸೂ ಎದ್ದು ನಿಂತು 'ಈ ಚರಂಡಿ ಎಲ್ಲೈತ್ರಿ, ತೋರ್ಸ್ರಿ' ಎಂದು ಕೇಳಬಹುದು. ಸಿಪಾಯಿ ತನ್ನ ಕಮಾಂಡರಿಗೆ ಹಾಗೆ ಎಲ್ಲರೆದುರು ಕೇಳಲಾರ. ಜಮಾಬಂದಿಯನ್ನು ಹಾಜರಿ ಪುಸ್ತಕದಲ್ಲೇ ಮುಗಿಸುವುದು ನನಗೆ ಅತ್ಯಂತ ನೋವಿನ ಸಂಗತಿ.

ಈಗ ಗೋದಾಮಿಗೆ ಬರೋಣ. ಗಂಗಾವತಿ, ಸಿಂಧನೂರಿನವರಿಗೆ ಅಕ್ಕಿಯ ಲೆಕ್ಕ ಹೇಳಿಕೊಡಬೇಕಿಲ್ಲ, ಆದರೂ ಪ್ರಭಾರ ವಹಿಸುವವರು ಎಡವುವುದು ಇಲ್ಲೇ. ಮೊದಲನೆಯದು ನಿಟ್ಟು, ಅಂದರೆ ಒಂದರ ಮೇಲೊಂದು ಪೇರಿಸಿದ ಚೀಲಗಳ ರಾಶಿ. ಹೊರಗಿನಿಂದ ಉದ್ದ, ಅಗಲ, ಎತ್ತರ ಗುಣಿಸಿ ಚೀಲ ಎಣಿಸಿದರೆ ನಡುವಿನ ಪೊಳ್ಳು ಕಾಣುವುದಿಲ್ಲ. ಹಮಾಲರನ್ನು ಕರೆಸಿ ಯಾವುದಾದರೂ ಒಂದು ನಿಟ್ಟನ್ನು ತಳದವರೆಗೆ ಇಳಿಸಿ ನೋಡಬೇಕು. ಯಾವುದು ಎಂಬುದನ್ನು ಬಂದವರೇ ಆರಿಸಬೇಕು. ಎರಡನೆಯದು ಗೋಣಿಯ ತೂಕ. ಖಾಲಿ ಚೀಲ ಸುಮಾರು 580 ಗ್ರಾಂ ಇದ್ದರೆ, ಅದನ್ನೂ ಸೇರಿಸಿ 50 ಕಿಲೋ ಎಂದು ಕೊಟ್ಟಾಗ ಸಾವಿರ ಚೀಲಕ್ಕೆ 5.8 ಕ್ವಿಂಟಲ್ ಅಕ್ಕಿ ಲೆಕ್ಕಕ್ಕಿಲ್ಲದೆ ಉಳಿಯುತ್ತದೆ. ಹಾಗಾಗಿ ಹೆಚ್ಚುವರಿ ಕಂಡರೂ ಕೊರತೆ ಕಂಡಷ್ಟೇ ಕಳವಳ ಆಗಬೇಕು. ಸೇನೆಯಲ್ಲಿ ಇದನ್ನು 'ಬಕ್ಷೀ' ಮಾಲು ಎನ್ನುತ್ತಾರೆ. ನಾಳೆಯ ಕೊರತೆ ಮುಚ್ಚಲು ಇಂದು ಬಚ್ಚಿಟ್ಟ ಸಾಮಾನು ಅದು. ಒಳ್ಳೆಯ ಕಮಾಂಡರ್ ಅದನ್ನು ಕಂಡ ದಿನವೇ ಲೆಡ್ಜರಿಗೆ ಏರಿಸುತ್ತಾರೆ.

ಮೂರನೆಯದು ತೇವಾಂಶ, ನನಗೆ ಬಹಳ ಮುಖ್ಯವೆನಿಸುವುದು ಇದೇ. 14% ತೇವದಲ್ಲಿ ಬಂದ 100 ಕ್ವಿಂಟಲ್ ಅಕ್ಕಿ ರಾಯಚೂರಿನ ಬೇಸಿಗೆಯಲ್ಲಿ 13%ಕ್ಕೆ ಒಣಗಿದರೆ ತೂಗುವುದು 98.85 ಕ್ವಿಂಟಲ್ ಮಾತ್ರ. ಏಪ್ರಿಲ್, ಮೇ ಕಳೆದರೂ ಒಂದು ಕಿಲೋ ಕಡಿಮೆಯಾಗದ ಲೆಡ್ಜರ್ ಕಂಡರೆ, ಅಲ್ಲಿನ ಮುಖ್ಯಸ್ಥರು ಕೊರತೆ ಬರೆದವರನ್ನು ಬೈಯುವವರು ಎಂದೇ ತಿಳಿಯಬೇಕು. ಒಣಗಿದ್ದನ್ನು ಬರೆದದ್ದಕ್ಕೆ ನೋಟಿಸ್ ಬಂದರೆ ಉಗ್ರಾಣದವರು ಮುಂದಿನ ಸಲ ಅಂಗಡಿಗಳಿಗೆ ಕಡಿಮೆ ತೂಗಿ ಸರಿದೂಗಿಸುತ್ತಾರೆ. ಸುಳ್ಳು ಹುಟ್ಟುವುದು ಕೆಳಗೆ, ಅದರ ಬೇರು ಮೇಲೆ. ಒಂದೂ ತಪ್ಪು ಸಹಿಸದ ಕಮಾಂಡರ್ ಕೈಕೆಳಗೂ ಹೀಗೇ ಆಗುತ್ತದೆ.

ಆದ್ದರಿಂದ ಎಣಿಕೆ ಮುಗಿದ ದಿನವೇ ವ್ಯತ್ಯಾಸವನ್ನು ಸಿಟಿಸಿಯ ಮೇಲೇ ಬರೆಯಿರಿ: ವಸ್ತು, ಲೆಡ್ಜರಿನ ಪುಟ, ಇರಬೇಕಾದದ್ದು, ಇದ್ದದ್ದು. ಹೋಗುವವರ ಸಹಿ ಪಡೆಯಿರಿ. ಅವರು ಒಪ್ಪದಿದ್ದರೆ 'ಒಪ್ಪಲಿಲ್ಲ' ಎಂದು ಬರೆದು ಜೊತೆಗಿದ್ದ ಇಬ್ಬರ ಸಹಿ ಹಾಕಿಸಿ. ಒಂದು ಪ್ರತಿ ಅಂದೇ ಮೇಲಧಿಕಾರಿಗೆ ಹೋಗಲಿ, ಸ್ವೀಕೃತಿ ನಿಮ್ಮ ಬಳಿ ಇರಲಿ. ಮೇಲಧಿಕಾರಿಯಾದವರು ಆ ಪತ್ರ ತಂದವರನ್ನು ಮೊದಲು ಕೂರಿಸಿ, ಕೇಳಿ, ನಂತರ ಉಗ್ರಾಣಕ್ಕೆ ತಾವೇ ಹೋಗಿ ಬರಬೇಕು.