ಚಪ್ಪಟೆತನ: ಗ್ರೀನ್‌ಬರ್ಗ್ ಕೊಟ್ಟ ಕಣ್ಣು, ಹಾಕಿದ ಕಟ್ಟುಪಾಡು

ಆಧುನಿಕ ಚಿತ್ರಕಲೆಯ ಬಗ್ಗೆ ಓದಲು ಶುರುಮಾಡಿದರೆ ‘ಫ್ಲಾಟ್‌ನೆಸ್’ ಎಂಬ ಮಾತು ಬೇಗನೆ ಎದುರಾಗುತ್ತದೆ. ಚಪ್ಪಟೆತನ. ಕ್ಯಾನ್ವಾಸ್ ಚಪ್ಪಟೆಯಾಗಿಯೇ ಇರುತ್ತದೆ ಅಲ್ವಾ, ಅದರಲ್ಲಿ ಹೇಳುವಂಥದ್ದೇನು ಅನಿಸಬಹುದು. ಆದರೆ 1940ರಿಂದ 1960ರ ದಶಕದವರೆಗೆ ಅಮೆರಿಕದ ಕಲಾವಿದರು ಈ ಮಾತನ್ನು ಹಿಡಿದು ವಾದಿಸಿದರು, ಅದರ ಪರವಾಗಿ ಬರೆದರು, ಅದನ್ನು ವಿರೋಧಿಸಿ ಹೊರನಡೆದರು. ಅದಕ್ಕೆ ಅಷ್ಟು ತೂಕ ತಂದುಕೊಟ್ಟವರು ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್.

ಮೊದಲು ಹಿನ್ನೆಲೆ. 15ನೇ ಶತಮಾನದಿಂದ ಯುರೋಪಿನ ಚಿತ್ರಕಾರರಿಗೆ ಚಿತ್ರವೆಂದರೆ ಒಂದು ಕಿಟಕಿ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು, ನೆರಳು ಬೆಳಕಿನಿಂದ ಮೈಗೆ ಉಬ್ಬು. ನೋಡುವವರು ಬಟ್ಟೆಯನ್ನೂ ಬಣ್ಣವನ್ನೂ ಮರೆತು ಒಳಗೆ ನಡೆದುಹೋಗಬೇಕು. 1863ರಲ್ಲಿ ಫ್ರೆಂಚ್ ಚಿತ್ರಕಾರ ಮಾನೆ ಬರೆದ ಬೆತ್ತಲೆ ಹೆಣ್ಣಿನ ಚಿತ್ರ ‘ಒಲಿಂಪಿಯಾ’ದಲ್ಲಿ ಆ ಉಬ್ಬು ಬಹಳ ಕಡಿಮೆ. ಎದುರಿನಿಂದ ಬೀಳುವ ಬೆಳಕು, ಗಟ್ಟಿ ಅಂಚು, ನಡುವೆ ತೆಳುವಾದ ಬಣ್ಣ. ಇಸ್ಪೀಟಿನ ರಾಣಿಯ ಹಾಗಿದೆ ಎಂದು ಅದೇ ಕಾಲದ ಚಿತ್ರಕಾರ ಕೂರ್ಬೆ ಹಂಗಿಸಿದ ಮಾತು ಪ್ರಸಿದ್ಧ. ಗ್ರೀನ್‌ಬರ್ಗ್‌ಗೆ ಆಧುನಿಕ ಚಿತ್ರಕಲೆ ಶುರುವಾಗುವುದು ಅಲ್ಲೇ, ಮಾನೆಯ ಹತ್ತಿರ. ತಾನು ಬಟ್ಟೆಯ ಮೇಲಿನ ಬಣ್ಣ ಎಂಬುದನ್ನು ಚಿತ್ರ ಮುಚ್ಚಿಡದೆ ಹೇಳಿತು ಎಂಬುದು ಅವರ ಓದು.

ಗ್ರೀನ್‌ಬರ್ಗ್ ಹುಟ್ಟಿದ್ದು 1909ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಲಿಥುವೇನಿಯಾ ಕಡೆಯಿಂದ ವಲಸೆ ಬಂದ ಯಹೂದಿ ಮನೆಯಲ್ಲಿ. ಕಸ್ಟಮ್ಸ್ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಬರೆಯುತ್ತಿದ್ದರು. 1939ರಲ್ಲಿ ‘ಪಾರ್ಟಿಸನ್ ರಿವ್ಯೂ’ ಪತ್ರಿಕೆಯಲ್ಲಿ ಬಂದ ‘ಅವಾಂ ಗಾರ್ಡ್ ಆಂಡ್ ಕಿಚ್’ ಲೇಖನ ಅವರಿಗೆ ಹೆಸರು ತಂದಿತು. ಮಾರುಕಟ್ಟೆಗೆಂದೇ ತಯಾರಾದ, ಸಲೀಸಾಗಿ ಗಂಟಲಿಗೆ ಇಳಿಯುವ ಕಲೆಯಿಂದ, ಅಂದರೆ ‘ಕಿಚ್’ನಿಂದ, ಹೊಸ ದಾರಿ ಹುಡುಕುವ ಒಳ್ಳೆಯ ಕಲೆ ತನ್ನನ್ನು ಹೇಗೆ ಉಳಿಸಿಕೊಳ್ಳುತ್ತದೆ ಎಂಬುದು ಅಲ್ಲಿನ ಪ್ರಶ್ನೆ. 1942ರಿಂದ 1949ರವರೆಗೆ ‘ದ ನೇಷನ್’ ವಾರಪತ್ರಿಕೆಗೆ ಕಲಾವಿಮರ್ಶೆ ಬರೆದರು. ಚಿತ್ರಕಾರ ಜಾಕ್ಸನ್ ಪೊಲಾಕ್ ಇನ್ನೂ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ದಿನಗಳಲ್ಲೇ ಅವರ ಬೆನ್ನಿಗೆ ನಿಂತವರು ಇವರು.

ಚಪ್ಪಟೆತನದ ವಾದ ಪೂರ್ತಿ ರೂಪ ಪಡೆದದ್ದು 1960ರ ‘ಮಾಡರ್ನಿಸ್ಟ್ ಪೇಂಟಿಂಗ್’ ಎಂಬ ಪ್ರಬಂಧದಲ್ಲಿ. ವಾದ ಸರಳವಾಗಿದೆ. ಪ್ರತಿ ಕಲೆಯೂ ತನಗೆ ಮಾತ್ರ ಸಾಧ್ಯವಾದದ್ದು ಯಾವುದು ಎಂದು ಕೇಳಿಕೊಳ್ಳಬೇಕು, ಬೇರೆ ಕಲೆಗಳಿಂದ ಸಾಲ ತಂದದ್ದನ್ನು ಬಿಡುತ್ತಾ ಹೋಗಬೇಕು. ಕಥೆ ಹೇಳುವುದು ಸಾಹಿತ್ಯದ್ದು. ಮೈದುಂಬಿದ ಆಕಾರ ಶಿಲ್ಪದ್ದು. ಬಣ್ಣವಿದೆಯಲ್ಲ ಅಂದರೆ, ಅದು ರಂಗಭೂಮಿಗೂ ಶಿಲ್ಪಕ್ಕೂ ಇದೆ. ಚೌಕಟ್ಟು ರಂಗಭೂಮಿಗೂ ಇದೆ. ಕೊನೆಗೆ ಚಿತ್ರಕಲೆಗೆ ಅಂತಲೇ ಉಳಿಯುವುದು ಚಪ್ಪಟೆಯಾದ ಮೇಲ್ಮೈ ಒಂದೇ. ತರ್ಕವನ್ನೇ ತರ್ಕದಿಂದ ಪರೀಕ್ಷಿಸಿದ ತತ್ವಜ್ಞಾನಿ ಕಾಂಟ್ ಅವರನ್ನು ಮೊದಲ ನಿಜವಾದ ಆಧುನಿಕ ಎಂದು ಗ್ರೀನ್‌ಬರ್ಗ್ ಕರೆದದ್ದು ಇದೇ ಕಾರಣಕ್ಕೆ.

ಇದೇ ಪ್ರಬಂಧದ ಇನ್ನೊಂದು ಮಾತನ್ನು ಜನ ಮರೆಯುತ್ತಾರೆ. ಕ್ಯಾನ್ವಾಸ್ ಮೇಲೆ ಮೊದಲ ಗೀಟು ಬಿದ್ದ ಕೂಡಲೇ ಪೂರ್ಣ ಚಪ್ಪಟೆತನ ಮುಗಿಯಿತು ಎಂದು ಅವರೇ ಬರೆದಿದ್ದಾರೆ. ಒಂದು ಗೀಟಿದ್ದರೂ ಕಣ್ಣು ಮುಂದೆ ಹಿಂದೆ ಅಂತ ಲೆಕ್ಕ ಹಾಕುತ್ತದೆ. ಹಳೆಯ ಚಿತ್ರದ ಆಳದಲ್ಲಿ ನಾವು ನಡೆದಾಡುವುದನ್ನು ಊಹಿಸಿಕೊಳ್ಳಬಹುದು. ಹೊಸ ಚಿತ್ರದ ಆಳದಲ್ಲಿ ಕಣ್ಣಿಗೆ ಮಾತ್ರ ಪ್ರವೇಶ. ನನಗೆ ಅವರ ವಾದದಲ್ಲಿ ತುಂಬಾ ಇಷ್ಟವಾಗುವುದು ಈ ಸೂಕ್ಷ್ಮ.

ಇದನ್ನು ಕಣ್ಣಾರೆ ತೋರಿಸುವ ಚಿತ್ರ ಅಮೆರಿಕದ ಕಲಾವಿದೆ ಹೆಲೆನ್ ಫ್ರಾಂಕೆನ್‌ಥಾಲರ್ ಅವರ ‘ಮೌಂಟೆನ್ಸ್ ಆಂಡ್ ಸೀ’. 1952ರಲ್ಲಿ, 23ನೇ ವಯಸ್ಸಿನಲ್ಲಿ ಬರೆದದ್ದು. ಎತ್ತರ ಸುಮಾರು 7 ಅಡಿ, ಅಗಲ 10 ಅಡಿ. ಬಣ್ಣ ಹೀರದಂತೆ ತಡೆಯುವ ಅಸ್ತರು ಬಳಿಯದ ಕ್ಯಾನ್ವಾಸನ್ನು ನೆಲದ ಮೇಲೆ ಹಾಸಿ, ಟರ್ಪೆಂಟೈನ್‌ನಲ್ಲಿ ನೀರುನೀರಾಗಿ ಕಲಸಿದ ತೈಲವರ್ಣವನ್ನು ಸುರಿದರು. ಬಣ್ಣ ಬಟ್ಟೆಯ ಮೇಲೆ ಪದರವಾಗಿ ಕೂರಲಿಲ್ಲ, ನೂಲಿನೊಳಗೆ ಇಳಿಯಿತು. ಬಟ್ಟೆ ಯಾವುದು, ಬಣ್ಣ ಯಾವುದು ಎಂದು ಬೇರೆ ಮಾಡಲಾಗದು. ಆದರೂ ಗುಲಾಬಿ, ನೀಲಿ, ಹಸಿರು ಉಸಿರಾಡುತ್ತವೆ, ಗಾಳಿ ಬೆಳಕು ಇದೆ. 1953ರಲ್ಲಿ ಗ್ರೀನ್‌ಬರ್ಗ್ ಅವರು ಚಿತ್ರಕಾರರಾದ ಮಾರಿಸ್ ಲೂಯಿಸ್ ಮತ್ತು ಕೆನೆತ್ ನೋಲೆಂಡ್ ಅವರನ್ನು ಆಕೆಯ ಸ್ಟುಡಿಯೋಗೆ ಕರೆದೊಯ್ದು ಇದನ್ನು ತೋರಿಸಿದರು. ಲೂಯಿಸ್ ಮರುವರ್ಷವೇ ತೆಳು ಬಣ್ಣದ ಪರದೆಗಳಂಥ ದೊಡ್ಡ ಚಿತ್ರಗಳನ್ನು ಶುರುಮಾಡಿದರು. ಇಷ್ಟಾಗಿ, ಕಲಾಚರಿತ್ರೆಯಲ್ಲಿ ಗಂಡಸರ ಹೆಸರು ಮುಂದೆ ಬಂದು ಫ್ರಾಂಕೆನ್‌ಥಾಲರ್ ಬಹಳ ಕಾಲ ಬರೀ ಸೇತುವೆಯಾಗಿ ಉಳಿದರು. ಅದು ಅನ್ಯಾಯ. ಹುಡುಕಿದ್ದು ಆಕೆ.

ಗ್ರೀನ್‌ಬರ್ಗ್ ನೋಡುವ ರೀತಿಯೂ ಬೇರೆ. ಸ್ಟುಡಿಯೋದಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರಂತೆ. ಚಿತ್ರ ಎದುರಿಗೆ ಬಂದ ಮೇಲೆ ತಟ್ಟನೆ ಕಣ್ಣು ತೆರೆದು ಆ ಮೊದಲ ನೋಟವನ್ನೇ ನಂಬುತ್ತಿದ್ದರು. ಕಣ್ಣು ದೊಡ್ಡದು, ಅನುಮಾನವೇ ಇಲ್ಲ. ತೊಂದರೆ ಬಂದದ್ದು ಕಣ್ಣು ಕಂಡದ್ದು ಕಾನೂನಾದಾಗ. ಅದೇ ಕಾಲದ ಅಮೆರಿಕನ್ ಚಿತ್ರಕಾರರನ್ನು ನೋಡಿ ಇನ್ನೊಬ್ಬ ವಿಮರ್ಶಕ ಹೆರಾಲ್ಡ್ ರೋಸನ್‌ಬರ್ಗ್ 1952ರಲ್ಲಿ ಬೇರೆಯೇ ಮಾತು ಹೇಳಿದ್ದರು: ಕ್ಯಾನ್ವಾಸ್ ಎಂದರೆ ಕಲಾವಿದ ಕ್ರಿಯೆ ನಡೆಸುವ ಅಖಾಡ. ಮೇಲ್ಮೈಯ ಅರಿವು ಹಳೆಯ ಚಿತ್ರಕಾರರಿಗೂ ಚೆನ್ನಾಗಿಯೇ ಇತ್ತು ಎಂದು ಕಲಾಚರಿತ್ರೆಕಾರ ಲಿಯೋ ಸ್ಟೈನ್‌ಬರ್ಗ್ ವಾದಿಸಿದರು. ಅದು ನನಗೆ ಸರಿ ಅನಿಸುತ್ತದೆ.

ನಮ್ಮ ಕಡೆಯಿಂದ ನೋಡಿದರೆ ಇನ್ನೊಂದು ಮಿತಿ ಕಾಣುತ್ತದೆ. 1967ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಕಳಿಸಿದ ಅಮೆರಿಕನ್ ಚಿತ್ರಗಳ ಪ್ರದರ್ಶನ ದೆಹಲಿಗೆ ಬಂದಾಗ ಗ್ರೀನ್‌ಬರ್ಗ್ ಕೂಡ ಬಂದಿದ್ದರು. ಆದರೆ ರಾಜಸ್ಥಾನದ ಚಿಕಣಿ ಚಿತ್ರಗಳ ಸಪಾಟು ಕೆಂಪು, ಹಳದಿಯನ್ನು ನೋಡಿ ಬೆಳೆದವರಿಗೆ ಚಪ್ಪಟೆತನ ಗೆದ್ದು ಪಡೆಯಬೇಕಾದ ಸಂಗತಿಯೇ ಅಲ್ಲ. ಅದು ಯುರೋಪಿನ ಚರಿತ್ರೆಗೆ ಸಿಕ್ಕ ಉತ್ತರ, ಜಗತ್ತಿನ ಚಿತ್ರಕಲೆಗೆಲ್ಲ ಹಾಕಿದ ದಾರಿಯಲ್ಲ.

ಅಧಿಕಾರದ ಕಥೆಯನ್ನೂ ಬಿಡುವಂತಿಲ್ಲ. ಶಿಲ್ಪಿ ಡೇವಿಡ್ ಸ್ಮಿತ್ 1965ರಲ್ಲಿ ತೀರಿಕೊಂಡ ಮೇಲೆ ಅವರ ಕೃತಿಗಳ ಹೊಣೆ ಹೊತ್ತವರಲ್ಲಿ ಗ್ರೀನ್‌ಬರ್ಗ್ ಒಬ್ಬರು. ಕೆಲವು ಶಿಲ್ಪಗಳ ಬಣ್ಣವನ್ನು ತೆಗೆಸಿಹಾಕಲಾಯಿತು. ಒಂದು ಕಾಲಕ್ಕೆ ಅವರ ಅನುಯಾಯಿಯಾಗಿದ್ದ ವಿಮರ್ಶಕಿ ರೋಸಲಿಂಡ್ ಕ್ರೌಸ್ 1974ರಲ್ಲಿ ಇದನ್ನು ಬಯಲಿಗೆ ತಂದರು. ಸತ್ತ ಕಲಾವಿದನ ಕೆಲಸವನ್ನು ವಿಮರ್ಶಕನ ರುಚಿಗೆ ತಕ್ಕಂತೆ ತಿದ್ದುವುದನ್ನು ಒಪ್ಪಲು ಸಾಧ್ಯವೇ ಇಲ್ಲ.

ಇನ್ನು ವಾದ ಎಲ್ಲಿಗೆ ಹೋಗಿ ಮುಟ್ಟಿತು ಎಂಬುದು. ಚೌಕಟ್ಟಿಗೆ ಬಿಗಿದ ಖಾಲಿ ಕ್ಯಾನ್ವಾಸ್ ಕೂಡ ಆಗಲೇ ಒಂದು ಚಿತ್ರ, ಒಳ್ಳೆಯ ಚಿತ್ರವೇ ಆಗಿರಬೇಕೆಂದಿಲ್ಲ ಎಂದು ಗ್ರೀನ್‌ಬರ್ಗ್ 1962ರಲ್ಲಿ ಬರೆದರು. ಖಾಲಿ ಬಟ್ಟೆಯೇ ಚಿತ್ರವಾದರೆ ಅದು ಗೋಡೆಯ ಮೇಲಿನ ಒಂದು ವಸ್ತು ಅಷ್ಟೇ. ಹಾಗಾದರೆ ವಸ್ತುಗಳನ್ನೇ ಯಾಕೆ ಮಾಡಬಾರದು? 1965ರಲ್ಲಿ ಕಲಾವಿದ ಡೊನಾಲ್ಡ್ ಜಡ್ ಚಿತ್ರವೂ ಅಲ್ಲದ, ಶಿಲ್ಪವೂ ಅಲ್ಲದ ಕೃತಿಗಳ ಪರವಾಗಿ ಬರೆದರು. ಲೋಹ, ಪ್ಲೆಕ್ಸಿಗ್ಲಾಸ್‌ನ ಪೆಟ್ಟಿಗೆಗಳನ್ನು ಗೋಡೆಗೆ ಸಾಲಾಗಿ ಜೋಡಿಸಿದರು. ಮಿನಿಮಲಿಸಂ ಎಂದು ಹೆಸರಾದ ಆ ದಾರಿಯನ್ನು ಗ್ರೀನ್‌ಬರ್ಗ್ ಮೆಚ್ಚಲಿಲ್ಲ.